ಓರೆ ಕಂಬ

ಗೋಡೆಯ ಮೇಲಿನ ಕ್ಯಾಲೆಂಡರ್ ಒಂದು ಬೆರಳಿನಷ್ಟು ಓರೆಯಾಗಿದ್ದರೂ ನನ್ನ ಕೈ ಸುಮ್ಮನಿರುವುದಿಲ್ಲ. ಪರರ ಮನೆಗೆ ಹೋದಾಗಲೂ ಕಾಫಿ ಬರುವುದರೊಳಗೆ ಅವರ ಕ್ಯಾಲೆಂಡರನ್ನು ನೆಟ್ಟಗೆ ಮಾಡಿ, ಪರೋಪಕಾರದ ಸಂತೃಪ್ತಿಯಿಂದ ಕುಳಿತುಕೊಳ್ಳುವ ಜಾತಿ ನನ್ನದು. ಈ ಸದ್ಗುಣ ಈಚೆಗೆ ನನ್ನ ಸಂಸಾರವನ್ನೇ ನುಂಗಿಬಿಡುತ್ತಿತ್ತು.

ಮುಳಬಾಗಿಲಿನ ನಮ್ಮ ಮನೆಯ ಹಿತ್ತಿಲಲ್ಲಿ ನಾಲ್ಕು ದ್ರಾಕ್ಷಿ ಬಳ್ಳಿ ಹಬ್ಬಿಸುವ ಆಸೆ ನನ್ನದೂ ಹೌದು, ನನ್ನ ಹೆಂಡತಿ ಶಾರದೆಯದೂ ಹೌದು. ಕಬ್ಬಿಣದ ಚಪ್ಪರ ದುಬಾರಿ, ಬಿದಿರಿನದು ಗೆದ್ದಲಿಗೆ ಔತಣ. ಹಾಗಾಗಿ ಬೈರಕೂರಿನ ಕಡೆ ಯಾರೋ ಕಿತ್ತುಹಾಕಿದ್ದ ತೋಟದ ಹಳೆಯ ಕಲ್ಲುಕಂಬಗಳನ್ನು ಅಗ್ಗಕ್ಕೆ ತಂದೆವು. ಚಪ್ಪರ ಹಾಕುವುದರಲ್ಲೇ ತಲೆ ನರೆಸಿಕೊಂಡ ಮುನಿವೆಂಕಟಪ್ಪ ಅವನ್ನು ನೆಟ್ಟ. ನಾಲ್ಕು ಮೂಲೆಗಂಬಗಳೂ ಆಚೆಗೆ ವಾಲಿ, ಊಟವಾದ ಮೇಲೆ ಹಿಂದಕ್ಕೆ ಒರಗಿದ ನೆಂಟರಂತೆ ಕಾಣುತ್ತಿದ್ದವು.

“ಇದೇನಪ್ಪಾ, ಸೊಟ್ಟ?” ಎಂದೆ.

“ಅಂಗೇ ಇರ್ಬೇಕು ಮೇಷ್ಟ್ರೇ. ತಂತಿ ಬಿಗಿದ್ರೆ ಒಳಕ್ಕೆ ಎಳೀತೈತೆ. ನಾಳಿದ್ದು ಬಂದು ಆಚೆ ಕಡೆ ಕಲ್ಲು ಹೂತು, ಅದಕ್ಕೆ ಕಂಬಾನ ಕಟ್ಟಿ, ಆಮೇಲೆ ತಂತಿ ಎಳೀತೀನಿ. ಅಲ್ಲೀಗಂಟ ಮುಟ್ಬ್ಯಾಡಿ.”

ಮುಟ್ಟಬೇಡಿ ಎಂದರೆ ವಿದ್ಯಾವಂತನಿಗೆ ಅರ್ಥವಾಗುತ್ತದೆಯೇ? ಮರುದಿನ ಬೆಳಗ್ಗೆಯೇ ಹಾರೆಯಿಂದ ಮಣ್ಣು ಸಡಿಲಿಸಿ, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅಳೆದು, ಒಂದು ಕಂಬವನ್ನು ಶಾಸ್ತ್ರೋಕ್ತವಾಗಿ ನೆಟ್ಟಗೆ ನಿಲ್ಲಿಸಿದೆ. ಅದರ ಚೆಲುವಿಗೆ ನಾನೇ ಮರುಳಾಗಿ, ತಂತಿಯನ್ನೂ ಎಳೆದುಬಿಡೋಣವೆಂದು ಹೊರಟೆ. ಶಾರದೆ ಕಂಬದ ಈಚೆ ಮಣೆ ಹಾಕಿಕೊಂಡು ಕುಳಿತು ತಂತಿಯ ಸುರುಳಿ ಬಿಡಿಸಿಕೊಡುತ್ತಿದ್ದಳು.

“ರೀ, ನಿಮ್ಮ ಚಪ್ಪರ ಮುಗಿಯೋದ್ರೊಳಗೆ ನನ್ನ ದೋಸೆ ಹಿಟ್ಟು ಹುಳಿ ಬಂದು ಆಚೆ ಹರಿಯುತ್ತೆ. ನಾನು ಹೋಗ್ತೀನಪ್ಪ,” ಎಂದು ಮೂದಲಿಸಿ ಎದ್ದುಹೋದಳು. ನಾನು ಮುನಿಸಿನಿಂದಲೇ ತಂತಿಯನ್ನು ಇನ್ನೊಂದು ಸುತ್ತು ಬಿಗಿದೆ.

ಕಂಬ ಧಡಕ್ಕನೆ ಬೀಳಲಿಲ್ಲ. ನಿದ್ದೆ ಬಂದವರಂತೆ ಮೆಲ್ಲಗೆ ತೂಗಿ ಈಚೆಗೆ ಒರಗಿತು. ಆ ನಿಧಾನವೇ ಈಗಲೂ ಕಣ್ಣು ಮುಚ್ಚಿದರೆ ಬರುವುದು. ಶಾರದೆ ಆಗಷ್ಟೇ ಬಿಟ್ಟೆದ್ದಿದ್ದ ಮಣೆ ಎರಡು ಹೋಳಾಯಿತು.

ಸುದ್ದಿ ತಿಳಿದು ಓಡಿಬಂದ ಮುನಿವೆಂಕಟಪ್ಪ ಕಂಬವನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. “ಅಮ್ಮ ಎಲ್ಲಿ?” ಎಂದ. ಅಡುಗೆಮನೆಯಿಂದ ಅವಳ ದನಿ ಕೇಳಿದ ಮೇಲೆಯೇ ಕುಕ್ಕರಗಾಲಲ್ಲಿ ಕುಳಿತು ಬೆವರು ಒರೆಸಿಕೊಂಡ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಈಗ ಅದೇ ಕಂಬ ಆಚೆಗೆ ವಾಲಿ, ಹೂತ ಕಲ್ಲಿನ ಬಿಗಿತದಲ್ಲಿ ನಿಂತಿದೆ. ತಮ್ಮನ್ನು ಯಾವ ದಿಕ್ಕಿಗೆ ಎಳೆಯುತ್ತಾರೆಂದು ಬಲ್ಲವರ ನಿಲುವು ಹೊರಗಿನವರಿಗೆ ಸೊಟ್ಟಗೇ ಕಾಣುತ್ತದೋ ಏನೋ. ದಿನವೂ ಬೆಳಗ್ಗೆ ನಾನು ಅದನ್ನು ತಳ್ಳಿ ನೋಡುತ್ತೇನೆ. ಅಲುಗುವುದಿಲ್ಲ. ಆದರೂ ತಳ್ಳುತ್ತೇನೆ.

“ಇನ್ನೆಷ್ಟು ದಿನ ರೀ ಈ ಕುಸ್ತಿ?” ಎಂದು ನಿನ್ನೆ ಶಾರದೆ ಲೋಟ ಹಿಡಿದು ಬಂದು, ಆ ಕಂಬಕ್ಕೇ ಬೆನ್ನು ಕೊಟ್ಟು ನಿಂತು ನಿಧಾನವಾಗಿ ಕಾಫಿ ಕುಡಿದಳು. ಲೋಟ ಖಾಲಿಯಾಗುವವರೆಗೂ ನಾನು ಎರಡೂ ಕೈಗಳಿಂದ ಕಂಬವನ್ನು ಹಿಡಿದುಕೊಂಡೇ ಇದ್ದೆ.