ಅವಳ ಕಂತು, ನನ್ನ ಹೆಸರು

ಸಾಲ ತೆಗೆದುಕೊಳ್ಳಿ ಎಂದು ಹೊನ್ನಾವರದ ಒಂದು ಬ್ಯಾಂಕಿನವರು ಶಿಕ್ಷಕಿಯಾದ ನನಗೆ ಫೋನ್ ಮಾಡುತ್ತಲೇ ಇದ್ದರು. ಸ್ಕೂಟರ್ ಪಂಕ್ಚರ್ ಆದೀತೆಂದೇ ನಿದ್ದೆಗೆಡುವವಳು ನಾನು, ನನಗೆಲ್ಲಿಯ ಸಾಲ? ಸಾಲ ಬೇಕಿದ್ದದ್ದು ಮನೆಗೆ ಮೀನು ತರುವ ಹೆಂಗಸಿಗೆ. ಫ್ರೀಜರ್ ಇಲ್ಲದೆ ಅವಳು ಉಳಿದ ಮೀನನ್ನು ಮಧ್ಯಾಹ್ನ ಅರ್ಧ ಬೆಲೆಗೆ ಕೊಟ್ಟುಬಿಡುತ್ತಿದ್ದಳು.

ಅವಳನ್ನು ಬ್ಯಾಂಕಿಗೆ ಕರೆದೊಯ್ದೆ. ಮ್ಯಾನೇಜರ್ ನನಗೆ ಚಹಾ ತರಿಸಿ, “ನಿಯಮ ಎಲ್ಲರಿಗೂ ಒಂದೇ ಮೇಡಂ, ಇವರಿಗೆ ಸಂಬಳದ ಚೀಟಿ ಇಲ್ಲವಲ್ಲ” ಎಂದರು.

ಹೊರಗೆ ಬಂದವಳು, “ಅಕ್ಕೋರೇ, ನಿಮ್ಗೆ ಬ್ಯಾಡಾಗಿದ್ದ ಸಾಲ ನಂಗೆ ಕೊಡ್ಸಿ. ನಿಮ್ಗೆ ಬಡ್ಡಿ ಎಷ್ಟು ಕೊಡ್ಬೇಕು, ಈಗ್ಲೇ ಹೇಳಿ” ಎಂದಳು.

“ಎಂತ ಬಡ್ಡಿ? ಬ್ಯಾಂಕಿಗೆ ಕಟ್ಟುವಷ್ಟೇ.”

“ಶುರುವಿಗೆ ಎಲ್ರೂ ಹಂಗೇ ಹೇಳೂದು” ಎಂದು ನಕ್ಕಳು.

ಹೆದರುತ್ತಲೇ ನನ್ನ ಹೆಸರಿನಲ್ಲಿ ಸಾಲ ತೆಗೆದೆ. ಫ್ರೀಜರ್ ಬಂತು. ಪ್ರತಿ ತಿಂಗಳು ಕಂತಿನ ದಿನ ಹತ್ತಿರವಾದಂತೆ ನಾನು ದಿನಕ್ಕೆರಡು ಸಲ ಕ್ಯಾಲೆಂಡರ್ ನೋಡುತ್ತೇನೆ, ಅವಳು ಮಾತ್ರ ಒಮ್ಮೆಯೂ ತಪ್ಪಿಸಿಲ್ಲ.

ಮೊನ್ನೆ ಬ್ಯಾಂಕಿನಿಂದ ಮತ್ತೆ ಫೋನ್. ಕಂತು ಇಷ್ಟು ಶಿಸ್ತಾಗಿ ಕಟ್ಟುವವರು ಅಪರೂಪವಂತೆ, ಇನ್ನೂ ಕಡಿಮೆ ಬಡ್ಡಿಗೆ ಇನ್ನೂ ದೊಡ್ಡ ಸಾಲ ಕೊಡುತ್ತಾರಂತೆ. ಅವಳಿಗಲ್ಲ, ನನಗೆ. ಕಟ್ಟುತ್ತಿರುವವಳು ಬೇರೆ ಎಂದು ಹೇಳಬಾರದೇಕೆ ಎನಿಸಿತು. ಹೇಳಿದರೆ ಇದ್ದ ಸಾಲಕ್ಕೇ ಸಂಚಕಾರ ಬಂದೀತೋ ಏನೋ. “ಥ್ಯಾಂಕ್ಸ್” ಎಂದು ಫೋನ್ ಇಟ್ಟುಬಿಟ್ಟೆ. ಯಾವುದಕ್ಕೆ ಥ್ಯಾಂಕ್ಸ್ ಹೇಳಿದೆನೋ ಇನ್ನೂ ಗೊತ್ತಾಗಿಲ್ಲ.