ಓಗ್ಬುಟ್ಟು ಬತ್ತೀನಿ

ಸರೋಜಕ್ಕ ಬೆಟ್ಟದ ಕಡೆ ಕಾಲು ಚಾಚಿ ಮಲಗುತ್ತಿರಲಿಲ್ಲ. ಐರ್ಲೆಂಡಿನ ಪಶ್ಚಿಮ ಕಡಲಿಗೆ ಹತ್ತಿರದ ಹಳ್ಳಿಯೊಂದರಲ್ಲಿ ಅವಳು ಬಾಡಿಗೆಗೆ ಹಿಡಿದಿದ್ದ ಕೋಣೆಯ ಮಂಚವನ್ನು ಅದಕ್ಕಾಗಿಯೇ ತಿರುಗಿಸಿ ಹಾಕಿದ್ದಳು. ಅದರಿಂದ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಒಳಗೆ ಹೋಗುವವರು ಓರೆಯಾಗಿ ನುಸುಳಬೇಕು. ಕಿಟಕಿಯಾಚೆಯ ಆ ಬೆಟ್ಟದಲ್ಲಿ ಹಿಂದೆ ಸಂತನೊಬ್ಬ ನಲವತ್ತು ದಿನ ಉಪವಾಸವಿದ್ದನೆಂದು ಅಲ್ಲಿಯವರು ನಂಬುತ್ತಾರೆ. ಬೇಸಿಗೆಯಲ್ಲಿ ಜನ ಬರಿಗಾಲಲ್ಲಿ ಹತ್ತುತ್ತಾರೆ. ಸರೋಜಕ್ಕನಿಗೆ ಅದು ನಮ್ಮ ಕಡೆಯ ದೇವರ ಬೆಟ್ಟ ತೀರ್ಥಮಲೆ, ಅಷ್ಟೇ.

“ಮನೆಯಮ್ಮ ಬಂದು ಮಂಚ ಯಾಕೆ ಇಂಗೆ ಅಂದ್ಳು. ನಿಮ್ ಸಾಮಿ ಮೊಕಕ್ಕೆ ನಾನು ಕಾಲು ತೋರ್ಸಾದಾ ಅಂದೆ. ಅವ್ಳು ಬೆಟ್ಟ ನೋಡಿದ್ಳು, ನನ್ನ ನೋಡಿದ್ಳು, ಅಪ್ಪುರಂ ಅವ್ಳ್ ಮಂಚ ಎತ್ತಗೈತೆ ಅಂತ ನೋಡಾಕ್ ಓದ್ಳು.”

ಅವಳು ನನ್ನ ದೊಡ್ಡಮ್ಮನ ಮಗಳು. ಓಮಲೂರಿನಿಂದ ತಾರಮಂಗಲದ ಕಡೆಗೆ ಹೋಗುವ ದಾರಿಯ ಊರು ನಮ್ಮದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಬಾಯಲ್ಲಿ ಎರಡೂ ಬೆರಕೆ. ಮೈಸೂರಿಗೆ ಓದಲು ಹೋದ ಮೇಲೆ ನಾನು ಕನ್ನಡದ ಅಕ್ಷರ ಕಲಿತೆ. ಅವಳು ಕಲಿಯಲೇ ಇಲ್ಲ. ಸೇಲಂನಲ್ಲಿ ನರ್ಸ್ ಆಗಿದ್ದು, ಆಮೇಲೆ ಆ ಹಳ್ಳಿಯ ವೃದ್ಧಾಶ್ರಮಕ್ಕೆ ಹೋದಳು. ಮದುವೆಯಾಗಲಿಲ್ಲ. ಮೂರು ತಿಂಗಳ ಅಧ್ಯಯನಕ್ಕೆಂದು ನಾನು ಆ ದೇಶಕ್ಕೆ ಹೋದಾಗ, ನಾಲ್ಕು ದಿನ ಬಿಡುವು ಮಾಡಿಕೊಂಡು ಅವಳ ಹಳ್ಳಿಗೆ ಬಸ್ಸು ಹತ್ತಿದೆ. ಈಗ ಧರ್ಮಪುರಿಯಲ್ಲಿ ಕೂತು ಆ ದಿನಗಳ ಡೈರಿಯನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಡೈರಿಗೂ ನನ್ನ ನೆನಪಿಗೂ ಎಲ್ಲ ಕಡೆ ಹೊಂದುವುದಿಲ್ಲ. ನಾಲ್ಕು ದಿನವೂ ಬಿಸಿಲಿತ್ತೆಂದು ನನ್ನ ನೆನಪು. ಡೈರಿಯಲ್ಲಿ ಮೂರು ದಿನ ಮಳೆ.

ಮೊದಲ ದಿನ ಅವಳು ಮಾತಾಡಿದ್ದೇ ಮಾತಾಡಿದ್ದು. ನಾನು ಬೂಟು ಬಿಚ್ಚುವುದಕ್ಕೂ ಬಿಡಲಿಲ್ಲ.

“ತಮಿಳಿಗೆ ಪರವಾಯಿಲ್ಲೆ, ಡ್ಯೂಟಿಲಿ ಕೇರಳದ ಎರಡು ಉಡ್ಗೀರವ್ರೆ, ಅವ್ರಿಗೆ ಅರ್ತ ಆಯ್ತದೆ. ನಮ್ ಮಾತು ಕೇಳಾಕೆ ಕುರಿಗೋಳೇ ಗತಿ. ಅವೂ ಮೊದ್ಲು ಮೊಕ ತಿರುಗಿಸ್ಕೊಂಡು ಓಯ್ತಿದ್ವು ಕಣೆ.”

ನಾನು ನಕ್ಕೆ. ಅವಳು ನಗಲಿಲ್ಲ. ಮರುದಿನ ಬೇಲಿಯ ಪಕ್ಕ ನಡೆಯುವಾಗ ಅವಳು ಕುರಿಗಳಿಗೆ “ಉಂಡ್ರಾ?” ಎಂದು ಕೇಳಿದ್ದನ್ನು ನಾನೇ ಕೇಳಿಸಿಕೊಂಡೆ.

ನಮ್ಮ ಕಡೆ ಮನೆಯಿಂದ ಹೊರಡುವವರು ‘ಓಯ್ತೀನಿ’ ಅನ್ನುವ ಹಾಗಿಲ್ಲ. ‘ಓಗ್ಬುಟ್ಟು ಬತ್ತೀನಿ’ ಅನ್ನಬೇಕು. ಕಳಿಸುವವರೂ ಅಷ್ಟೇ, ‘ಓಗ್ಬುಟ್ಟು ಬಾ’ ಅನ್ನಬೇಕು. ಬರಿದೇ ಹೋಗುವುದು ಹೆಣ ಮಾತ್ರ. ಒಮ್ಮೆ ನಮ್ಮ ಸೋದರಮಾವ ಅವಸರದಲ್ಲಿ ‘ಓಯ್ತೀನಿ’ ಅಂದುಬಿಟ್ಟ. ಅಜ್ಜಿ ಅವನನ್ನು ಬಸ್ಸಿನಿಂದ ಇಳಿಸಿ ಕರೆತಂದು, ಕೂರಿಸಿ, ನೀರು ಕುಡಿಸಿ, ಸರಿಯಾಗಿ ಹೇಳಿಸಿ ಕಳಿಸಿದಳು. ಬಸ್ಸು ಕಾಯಲಿಲ್ಲ.

ಸರೋಜಕ್ಕ ಆ ಮಾತನ್ನು ಇಂಗ್ಲಿಷಿಗೆ ತಿರುಗಿಸಿಕೊಂಡಿದ್ದಳು. ಡ್ಯೂಟಿ ಮುಗಿದಾಗ ಒಬ್ಬೊಬ್ಬರ ಮಂಚದ ಹತ್ತಿರವೂ ನಿಂತು ‘ಐ ವಿಲ್ ಗೋ ಅಂಡ್ ಕಮ್’ ಅನ್ನುವಳು. ಆಶ್ರಮದವರಿಗೆ ಅದು ತಮಾಷೆ. ಅಡುಗೆಯವನೂ ಹಾಗೇ ಹೇಳಿ ಮನೆಗೆ ಹೋಗುತ್ತಿದ್ದನಂತೆ. ಮಾರ್ಟಿನ್ ಎಂಬ ಮುದುಕನಿಗೆ ಮಾತ್ರ ಅದು ನಿಜವಾದ ಮಾತು. ಕುರಿ ಸಾಕಿದ್ದವನು, ಈಗ ಮರೆವು. ಮಕ್ಕಳ ಹೆಸರು ನೆನಪಿಲ್ಲ, ಇವಳು ಬರುತ್ತೇನೆ ಅಂದದ್ದು ನೆನಪು.

“ನಾನು ಈ ಕಡೆ ಒಂಟ್ರೆ ಸಾಕು, ಕೋಟು ಆಕ್ಕೊಂಡು ಬಾಗ್ಲಿಗೆ ಎದುರಾಗಿ ಕೂತ್ಕಳಾದು. ಊಟ ಬ್ಯಾಡ. ಯಾಕಯ್ಯಾ ಅಂದ್ರೆ, ಅವ್ಳು ಬತ್ತಾಳೆ, ಜೊತೇಲಿ ಬೆಟ್ಟಕ್ ಓಗ್ಬೇಕು ಅಂತಾನಂತೆ. ಪಾವಂ.”

ಮೇಲ್ವಿಚಾರಕಿ ಒಳ್ಳೆಯವಳು. ಅವನಿಗೆ ಆಸೆ ಹುಟ್ಟಿಸಬೇಡ, ಬರೀ ‘ಬೈ’ ಅನ್ನು ಎಂದಳಂತೆ. ಮೂರು ದಿನ ಸರೋಜಕ್ಕ ಏನೂ ಹೇಳದೆ ಹಿಂಬಾಗಿಲಿನಿಂದ ಹೊರಟಳು. ನಾಲ್ಕನೆಯ ದಿನ ಎದುರಿಗೆ ನಿಂತು ‘ಬೈ ಮಾರ್ಟಿನ್’ ಅಂದಳು. ಅವನು ಕೈ ಎತ್ತಿದ. ತಾನೇ ಕೋಟು ಬಿಚ್ಚಿದ. ಚೆನ್ನಾಗಿ ಊಟ ಮಾಡಿದ. ಬೆಳಿಗ್ಗೆ ಅವಳು ಡ್ಯೂಟಿಗೆ ಹೋಗುವಷ್ಟರಲ್ಲಿ ತೀರಿಕೊಂಡಿದ್ದ.

ಇದನ್ನು ಅವಳು ಹೇಳಿದ್ದು ಮೂರನೆಯ ದಿನ, ಟೀ ಕುಡಿಯುತ್ತಾ. ನಾನು ಬರುವುದಕ್ಕೆ ಒಂದು ತಿಂಗಳ ಹಿಂದೆ ನಡೆದದ್ದು.

“ನೀನು ಓದಿದೋಳು, ನೀನೇ ಯೇಳು. ಬತ್ತೀನಿ ಅಂದಿದ್ರೆ ಕಾಯ್ತಿದ್ನಾ, ಇಲ್ವಾ?”

ನಾನು ಹೇಳಿದೆ. ವಯಸ್ಸು, ಕಾಯಿಲೆ, ಕಾಕತಾಳೀಯ, ಎಲ್ಲ ಹೇಳಿದೆ. ‘ಒಂದು ಮಾತಿನಿಂದ ಯಾರೂ ಸಾಯಲ್ಲ ಅಕ್ಕ’ ಎಂದೂ ಅಂದೆನಂತೆ. ಅಂದ ನೆನಪಿಲ್ಲ, ಡೈರಿಯಲ್ಲಿ ನನ್ನದೇ ಅಕ್ಷರದಲ್ಲಿದೆ.

“ಸರಿ ಡಾಕ್ಟ್ರೇ,” ಅಂದಳು. ಲೋಟಗಳನ್ನು ಎತ್ತಿಕೊಂಡು ಎದ್ದಳು.

ನನಗಿಂತ ಎಷ್ಟೋ ಹೆಚ್ಚು ಸಾವು ನೋಡಿದವಳು ಅವಳು. ವಯಸ್ಸು, ಕಾಯಿಲೆ ಅವಳಿಗೆ ಗೊತ್ತಿರಲಿಲ್ಲವೇ? ಆ ಮಾತಿನ ತೂಕ ಗೊತ್ತಿದ್ದ ಇನ್ನೊಬ್ಬಳು ಆ ಊರಿಗೆ ಬಂದದ್ದು ಅದೇ ಮೊದಲು. ಬಂದವಳು ಇಂಗ್ಲಿಷಿನವರ ಹಾಗೆ ಉತ್ತರ ಕೊಟ್ಟೆ.

ನಾಲ್ಕನೆಯ ದಿನ ಬಸ್ಸಿಗೆ ಕಾಯುತ್ತ ನಿಂತಾಗ ಅವಳು ಹುಳಿಯನ್ನದ ಡಬ್ಬಿಯನ್ನು ನನ್ನ ಚೀಲಕ್ಕೆ ತುರುಕಿದಳು. ನಾನು ಮತ್ತೆ ಅಲ್ಲಿಗೆ ಬರುವವಳಲ್ಲ ಎಂದು ನನಗೆ ಗೊತ್ತಿತ್ತು. ‘ಓಗ್ಬುಟ್ಟು ಬತ್ತೀನಿ’ ಅಂದರೆ ಸುಳ್ಳು. ಸುಮ್ಮನೆ ಹೊರಟರೆ, ಅದೂ ಅವಳ ಮುಂದೆ, ಹೇಗೆ? ಬಸ್ಸು ಬಂತು. ಅವಳ ಕೈ ಹಿಡಿದು ನಿಂತೆ.

“ಏನ್ಲೇ, ಬಾಯಿಲ್ವಾ?”

“ಬಸ್ ಒಂಟೋಯ್ತದಕ್ಕ.”

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. “ಓಗು,” ಅಂದಳು.

ಡೈರಿಯಲ್ಲಿ ಅಷ್ಟೇ ಇದೆ. ಅಷ್ಟೊತ್ತಿಗೆ ಬಸ್ಸಿನ ಬಾಗಿಲು ಮುಚ್ಚಿಕೊಂಡಿತು. ಅವಳ ಬಾಯಿ ಇನ್ನೂ ಆಡುತ್ತಿದ್ದ ಹಾಗೆ ಗಾಜಿನಾಚೆ ನನಗೆ ಕಂಡಿತು, ಅಥವಾ ಹಾಗೆ ಕಂಡಿರಲಿ ಎಂದು ಆಮೇಲೆ ನಾನೇ ಸೇರಿಸಿಕೊಂಡೆನೋ. ಈಗಲೂ ಭಾನುವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತೇವೆ. ಅವಳದು ಈಗೀಗ ತಮಿಳೇ ಹೆಚ್ಚು. ಅವತ್ತು ಇನ್ನೇನು ಹೇಳಿದೆ ಅಕ್ಕ, ಎಂದು ನಾನು ಒಮ್ಮೆಯೂ ಕೇಳಿಲ್ಲ.