ಭಂಡಾರ ಹಾರಿಸಿದ ಭಾಷಣ

ಕುಕನೂರು ಸೀಮೆಯಲ್ಲಿ ಸನ್ಮಾನವಿರಲಿ, ಶ್ರದ್ಧಾಂಜಲಿ ಸಭೆಯಿರಲಿ, ಬಸ್ಸು ಬಿಡಿರೆಂದು ಧರಣಿಯಿರಲಿ, ಮೊದಲು ಶಾಮಿಯಾನದವನಿಗೆ ಹೇಳಿ ಕಳಿಸುತ್ತಿದ್ದರು, ಆಮೇಲೆ ಲಕ್ಷ್ಮಣಪ್ಪ ಮಾಸ್ತರರಿಗೆ. ಯಲಬುರ್ಗಾ, ಕುಷ್ಟಗಿಯ ತನಕ ಅವರ ಹೆಸರಿತ್ತು. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ನಿವೃತ್ತಿಯಾಗಿದ್ದು ಪಾಠಕ್ಕೆ, ಬಾಯಿಗಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿಯಾನು ಎನ್ನುತ್ತಾರೆ. ಆದರೆ ಮಾಸ್ತರರು ಆ ಬಾಯಿಂದ ಒಂದು ಪೈಸೆ ದುಡಿದವರಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಅವರಿಗೆ ಬೇಕಾದದ್ದು ಮಾತು ಮುಗಿದ ಮೇಲೆ ಬೀಳುವ ಚಪ್ಪಾಳೆ. ಅನ್ನದ ಹಸಿವಾದರೆ ಉಂಡ ಮೇಲೆ ಇಳಿಯುತ್ತದೆ, ಈ ಹಸಿವು ಉಂಡಷ್ಟೂ ಏರುತ್ತದೆ.

ತಮ್ಮ ವಿದ್ಯೆಯನ್ನು ಅವರು ಗುಟ್ಟಾಗಿಟ್ಟವರೂ ಅಲ್ಲ. ಭಾಷಣ ಸ್ಪರ್ಧೆಗೆ ಹೋಗುವ ಮಕ್ಕಳನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ಹೇಳಿಕೊಡುತ್ತಿದ್ದರು. "ಮೊದಲನೇ ಮಾತು ಮೆಲ್ಲಗ ಆಡ್ರಿ. ಮೆಲ್ಲಗ ಆಡಿದ್ರ ಹಿಂದ ಕುಂತಾಂವ ಕಿವಿ ಮುಂದ ತರ್ತಾನ. ಕಿವಿ ಬಂತಂದ್ರ ಅದರ ಬೆನ್ನಿಗಿ ಮನಸ್ಸೂ ಬರ್ತೈತಿ." ಆಮೇಲೆ ಪ್ರಶ್ನೆಗಳು. ಊರಿಗೆ ನೀರು ಬೇಕೋ ಬೇಡವೋ, ಮಕ್ಕಳು ಓದಬೇಕೋ ಬೇಡವೋ, ದವಾಖಾನೆ ಬೇಕೋ ಬೇಡವೋ. ಯಾರೂ ಬೇಡ ಎನ್ನಲಾರದ ಮೂರು ಪ್ರಶ್ನೆ ಕೇಳಿ, ನಾಲ್ಕನೆಯದಾಗಿ ನಿಮಗೆ ಬೇಕಾದದ್ದನ್ನು ಕೇಳಬೇಕು. "ಮೂರು ಸಲ ಬೇಕು ಅಂದ ಬಾಯಿ ನಾಕನೇ ಸಲ ಬ್ಯಾಡ ಅನ್ನೂದಿಲ್ಲ," ಎನ್ನುವರು. ಎದುರು ಮಾತಾಡುವವನು ಎದ್ದರೆ ಸಿಟ್ಟಾಗಬಾರದು, ಮೊದಲು ಅವನನ್ನು ಹೊಗಳಬೇಕು, ಆಮೇಲೆ ನಗಿಸಬೇಕು. ನಕ್ಕ ಸಭೆ ಕೇಳಿದ ಪ್ರಶ್ನೆಯನ್ನು ಮರೆತಿರುತ್ತದೆ. ಇನ್ನು ಭಾಷಣದ ಕೊನೆ ನಮ್ಮದಾಗಿರಬಾರದು, ಜನ ಮೊದಲೇ ಕೈ ಮುಗಿಯುವ ಯಾವುದಾದರೊಂದರ ಮೇಲೆ ಅದನ್ನು ಇಳಿಸಬೇಕು. ಇಷ್ಟನ್ನು ಕಲಿತ ಹುಡುಗಿಯರು ಕೊಪ್ಪಳದಿಂದ ಬಹುಮಾನದ ಕಪ್ಪು ಹೊತ್ತು ತಂದು ಮಾಸ್ತರರ ಕಾಲಿಗೆ ಬೀಳುತ್ತಿದ್ದರು.

ಮೂರು ವರ್ಷದ ಹಿಂದೆ ಅವರ ಸ್ವಂತ ಊರಾದ ಕರಿಗುಡ್ಡದಹಾಳಕ್ಕೆ ಸೋಲಾರ್ ಕಂಪನಿಯೊಂದು ಬಂತು. ಕೇಳಿದ್ದು ಗುಡ್ಡದ ಬುಡದ ನೂರೆಂಬತ್ತು ಎಕರೆ. ಅದು ಯಾರ ಹೊಲವೂ ಅಲ್ಲ, ದನ ಕುರಿ ಮೇಯಲೆಂದು ಬಿಟ್ಟ ಸರಕಾರಿ ನೆಲ, ಊರವರ ಬಾಯಲ್ಲಿ ಗಾಯರಾಣ. ಬೀರಪ್ಪ ದೇವರ ಒಕ್ಕಲಿನ ಹದಿನಾಲ್ಕು ಮನೆಗಳ ಕುರಿ ಹಿಂದಿನಿಂದಲೂ ಅಲ್ಲೇ ಮೇಯುತ್ತಿದ್ದವು. ಅವರಲ್ಲಿ ದೊಡ್ಡ ಹಿಂಡು ದ್ಯಾಮಣ್ಣನದು, ನೂರಿಪ್ಪತ್ತು ಕುರಿ. ನೆಲ ಬಿಟ್ಟುಕೊಡಲು ಗ್ರಾಮಸಭೆ ಒಪ್ಪಬೇಕಿತ್ತು. ಪಂಚಾಯಿತಿ ಅಧ್ಯಕ್ಷೆ ಗೀತಾ ಮಾಸ್ತರರ ಹಳೆಯ ವಿದ್ಯಾರ್ಥಿನಿ. ಮನೆಗೇ ಬಂದಳು.

"ಸರ, ಸಾಲಿಗಿ ಎರಡು ಖೋಲಿ ಕಟ್ಟಿಸ್ತಾರಂತ್ರಿ, ಓಣಿಗೆಲ್ಲ ಲೈಟ್ ಹಾಕ್ತಾರಂತ್ರಿ, ಹುಡುಗರಿಗಿ ಕೆಲಸಾನೂ ಕೊಡ್ತಾರಂತ. ನಾವು ಹೇಳಿದ್ರ ಜನ ಕೇಳೂದಿಲ್ರಿ. ನೀವು ಎರಡು ಮಾತು ಹೇಳಿದ್ರ ಆಗಿಹೋಗ್ತೈತಿ."

ಎರಡು ಮಾತು ಎಂದರೆ ಮಾಸ್ತರರ ಲೆಕ್ಕದಲ್ಲಿ ಮುಕ್ಕಾಲು ಗಂಟೆ. ಅವರು ಒಪ್ಪಿದರು. ಮೋಸದ ಬುದ್ಧಿ ಇರಲಿಲ್ಲ, ಶಾಲೆಗೆ ಕೋಣೆ ಬರುತ್ತದೆಂದು ಅವರೂ ನಂಬಿದ್ದರು. ತಪ್ಪಾದದ್ದು ಬೇರೆ ಕಡೆ. ಆ ಭಾಷಣ ಹೊಂದಿಸಲು ಎರಡು ದಿನ ಕೂತರು, ಗಾಯರಾಣಕ್ಕೆ ಮಾತ್ರ ಒಂದು ಗಳಿಗೆಯೂ ಹೋಗಲಿಲ್ಲ. ಹುಟ್ಟಿದೂರಿನ ಆ ನೆಲವನ್ನು ದೊಡ್ಡವರಾದ ಮೇಲೆ ಅವರು ನೋಡಿದ್ದು ಬಸ್ಸಿನ ಕಿಟಕಿಯಿಂದ.

ಸಭೆ ಶಾಲೆಯ ಬಯಲಿನಲ್ಲಿ ಸೇರಿತು. ಮಾಸ್ತರರು ಮೆಲ್ಲಗೆ ಶುರುಮಾಡಿದರು, ಹಿಂದೆ ಕೂತವರು ಕಿವಿ ಮುಂದೆ ತಂದರು. ಮೂರು ಪ್ರಶ್ನೆಗೂ ಬೇಕು ಬೇಕು ಎಂದು ಕೂಗಿದರು. ಎಲ್ಲ ಲೆಕ್ಕದಂತೆ ನಡೆದಿತ್ತು. ಆಗ ದ್ಯಾಮಣ್ಣ ಕಂಬಳಿ ಹೆಗಲಿಗೇರಿಸಿ ಎದ್ದುನಿಂತ.

"ಮಾಸ್ತರ್ರ, ನೀವು ಅಂದದ್ದೆಲ್ಲ ಖರೆ. ನಮ್ಮ ಕುರಿ ಎಲ್ಲಿ ಮೇಯಬೇಕು, ಅದೊಂದು ಹೇಳ್ರಿ."

"ದ್ಯಾಮಣ್ಣ ಭಾಳ ಛಲೋ ಪ್ರಶ್ನಿ ಕೇಳ್ಯಾನ," ಎಂದರು ಮಾಸ್ತರರು. "ಆದರ ದ್ಯಾಮಣ್ಣ, ನಿನ್ನ ಕುರಿ ನನ್ನ ಕ್ಲಾಸಿನ ಹುಡುಗರಿಗಿಂತ ಶ್ಯಾಣ್ಯಾ ಅದಾವು. ಅವಕ್ಕ ದಾರಿ ಹುಡುಕೂದು ಯಾರೂ ಕಲಿಸಬೇಕಾಗಿಲ್ಲ."

ಸಭೆ ಬಿದ್ದು ಬಿದ್ದು ನಕ್ಕಿತು. ದ್ಯಾಮಣ್ಣನೂ ನಕ್ಕ. ನಕ್ಕು ಕೂತುಬಿಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಅವನು ಕೂರಲಿಲ್ಲ.

"ನಕ್ಕದ್ದಾತ್ರಿ. ಎಲ್ಲಿ ಮೇಯಬೇಕು?"

ಮಾಸ್ತರರು ಅದನ್ನು ವಿಚಾರಿಸಿಯೇ ಇರಲಿಲ್ಲ. ಗೊತ್ತಿಲ್ಲಪ್ಪ, ವಿಚಾರಿಸಿ ಹೇಳುತ್ತೇನೆ ಎಂದಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಮೈಕು ಕೈಲಿತ್ತು, ನಾನೂರು ಮಂದಿ ಬಾಯಿ ನೋಡುತ್ತಿದ್ದರು. ಮೇಜಿನ ಮೇಲೆ ಪೂಜೆಯ ತಟ್ಟೆ, ಅದರಲ್ಲಿ ಬೀರಪ್ಪನ ಗುಡಿಯಿಂದ ತಂದ ಭಂಡಾರ. ಮಾಸ್ತರರು ಒಂದು ಹಿಡಿ ತುಂಬಿಕೊಂಡರು.

"ಈ ನೆಲ ನನ್ನದಲ್ಲ, ನಿಮ್ಮದಲ್ಲ, ಬೀರಪ್ಪಂದು. ಊರಿಗಿ ಒಳ್ಳೇದಾಗಲಿ ಅನ್ನಾಂವ ಅವನ ಭಂಡಾರ ಹಣಿಗಿ ಹಚ್ಚಿಕೊಂಡು ಕೈ ಎತ್ತಲಿ," ಎಂದು ಸಭೆಯ ಮೇಲೆ ಹಾರಿಸಿಬಿಟ್ಟರು.

ಹಳದಿ ಪುಡಿ ತಲೆ, ರುಮಾಲು, ಸೆರಗುಗಳ ಮೇಲೆಲ್ಲ ಬಿತ್ತು. ಆ ಊರಿನಲ್ಲಿ ಭಂಡಾರವನ್ನು ಯಾರೂ ಬರೀ ಅರಿಶಿನವೆಂದು ನೋಡುವುದಿಲ್ಲ. ಬೀರಪ್ಪನ ಒಕ್ಕಲಿನವರು ಭಂಡಾರ ಮುಟ್ಟಿ ಮಾತು ಕೊಟ್ಟರೆ ಬದುವಿನ ಜಗಳವೂ ಅಲ್ಲಿಗೆ ಮುಗಿಯಿತು, ಹೆಣ್ಣು ಕೊಡುವ ಮಾತೂ ಅಲ್ಲಿಗೆ ಗಟ್ಟಿಯಾಯಿತು. ಅದರ ಎದುರು ಒಲ್ಲೆ ಎಂದರೆ ದೇವರಿಗೆ ಒಲ್ಲೆ ಎಂದ ಹಾಗೆ. ಇದು ಮಾಸ್ತರರಿಗೆ ತಿಳಿಯದ್ದೇ? ಅದೇ ಮಣ್ಣಿನಲ್ಲಿ ಆಡಿ ಬೆಳೆದವರು. ಆದರೆ ಆ ಹೊತ್ತಿಗೆ ಅದು ಅವರಿಗೆ ಭಾಷಣಕ್ಕೆ ಸಿಕ್ಕ ಒಳ್ಳೆಯ ಕೊನೆಯಾಗಿಯಷ್ಟೇ ಕಂಡಿತು. ದ್ಯಾಮಣ್ಣ ಕಂಬಳಿಯ ಮೇಲೆ ಬಿದ್ದ ಪುಡಿಯನ್ನು ಸ್ವಲ್ಪ ಹೊತ್ತು ನೋಡಿದ, ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಂಡ, ಕೈ ಎತ್ತಿ ಕೂತ. ಉಳಿದ ಹದಿಮೂರು ಮನೆಯವರೂ ಎತ್ತಿದರು. ಅವತ್ತಿನಂಥ ಚಪ್ಪಾಳೆ ಮಾಸ್ತರರ ಬದುಕಿನಲ್ಲಿ ಮತ್ತೆ ಬೀಳಲಿಲ್ಲ.

ಕಂಪನಿಯ ಮಾತು ಪೂರ್ತಿ ಸುಳ್ಳಾಗಲಿಲ್ಲ ಎನ್ನುವುದನ್ನೂ ಹೇಳಬೇಕು. ಶಾಲೆಗೆ ಕೋಣೆ ಬಂದವು, ಓಣಿಗೆ ದೀಪ ಬಂದವು. ಜೊತೆಗೆ ಗುಡ್ಡದ ಬುಡಕ್ಕೆ ಆಳೆತ್ತರದ ತಂತಿಬೇಲಿಯೂ ಬಂತು. ಕುರಿ ಮೇಯಿಸಲು ಪಕ್ಕದ ಊರುಗಳ ಸೀಮೆಗೆ ಹೋದರೆ ಅಲ್ಲಿಯವರು ಕಲ್ಲು ಎಸೆದರು, ಬಿತ್ತಿದ ಕಡಲೆಗೆ ಬಾಯಿ ಹಾಕಿದವೆಂದು ಕುರಿ ಹಿಡಿದು ಕಟ್ಟಿದರು. ಒಂದೊಂದೇ ಮನೆಯವರು ಕುರಿ ಮಾರಿದರು. ದ್ಯಾಮಣ್ಣ ಒಂದು ವರ್ಷ ತಡೆದುಕೊಂಡ. ಕೊನೆಗೆ ಅವನ ಹಿಂಡೂ ಎರಡು ಗಾಡಿಯಲ್ಲಿ ಸಂತೆಗೆ ಹೋಯಿತು. ಕಂಪನಿಯವರು ಕರೆದು ಅವನಿಗೆ ಕೆಲಸ ಕೊಟ್ಟರು, ಗೇಟು ಕಾಯುವ ಕೆಲಸ.

ಇಷ್ಟಾದರೂ ಮಾಸ್ತರರ ಮನಸ್ಸಿನಲ್ಲಿ ಒಂದು ಸಮಾಧಾನವಿತ್ತು. ಆದದ್ದು ಆಯಿತು, ಜನ ನನ್ನ ಮಾತು ಕೇಳಿ, ತೂಗಿ ನೋಡಿ ಒಪ್ಪಿದರಲ್ಲ ಎಂದು. ಅದನ್ನೂ ಮುರಿದವರು ಅವರ ಹೆಂಡತಿ ರೇಣುಕಾ. ಹಿಟ್ಟಿನ ಗಿರಣಿಯಲ್ಲಿ ಆಕೆಗೆ ದ್ಯಾಮಣ್ಣನ ಹೆಂಡತಿ ಗಾಳೆಮ್ಮ ಸಿಕ್ಕಿದ್ದಳು. ಮನೆಗೆ ಬಂದು, ಊಟಕ್ಕೆ ಕೂತ ಗಂಡನ ತಾಟಿಗೆ ರೊಟ್ಟಿ ಹಾಕುತ್ತ ರೇಣುಕಾ ಹೇಳಿದರು.

"ಏನ್ರಿ, ಅವತ್ತಿನ ಸಭಾದಾಗ ಹದಿನಾಕೂ ಮನಿಯವರು ಒಲ್ಲೆ ಅನ್ನೋರಿದ್ರಂತ. ಹಿಂದಿನ ದಿನ ಗುಡಿ ಮುಂದ ಕುಂತು ಮಾತಾಡ್ಕೊಂಡಿದ್ರಂತ."

"ಮತ್ತ ನನ್ನ ಮಾತಿಗಿ ಒಪ್ಪಿದ್ರಲ್ಲ?"

"ನಿಮ್ಮ ಮಾತಿಗಿ ಯಾರೂ ಒಪ್ಪಿಲ್ರಿ. ನೀವು ಭಂಡಾರ ಹಾರಿಸಿದ್ರಿ, ಅವರು ಬೀರಪ್ಪಗ ಅಂಜಿ ಕೈ ಎತ್ತಿದ್ರು."

ಮಾಸ್ತರರು ತಾಟು ಸರಿಸಿ ಎದ್ದರು. ಮೊದಲು ನೊಂದದ್ದು ಅವರ ಅಭಿಮಾನ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮುಕ್ಕಾಲು ಗಂಟೆಯ ಮಾತು ಯಾರ ಮನಸ್ಸನ್ನೂ ತಿರುಗಿಸಿರಲಿಲ್ಲ ಎಂಬ ಅವಮಾನ. ಆಮೇಲೆ, ಎರಡು ದಿನ ಕಳೆದ ಮೇಲೆ, ನಿಜವಾದ ಸಂಕಟ ಶುರುವಾಯಿತು. ಬೇಡ ಎನ್ನಬೇಕೆಂದು ಬಂದ ಬಾಯಿಗಳನ್ನು ಅವರು ದೇವರಿಂದ ಹೊಲಿಸಿದ್ದರು. ನ್ಯಾಯವಾದ ಒಂದು ಪ್ರಶ್ನೆಯನ್ನು ಎರಡೆರಡು ಸಲ ಕೇಳಿದವನಿಗೆ ಉತ್ತರ ಕೊಡುವ ಬದಲು ಅವನ ದೇವರನ್ನೇ ಅವನ ಎದುರಿಗೆ ನಿಲ್ಲಿಸಿದ್ದರು. ಥೂ, ಇದೆಂಥ ವಿದ್ಯೆ ಎನ್ನಿಸಿತು.

ಕುಕನೂರಿನ ತಾಲೂಕು ಕಚೇರಿಗೆ ಅರ್ಜಿ ಹಿಡಿದು ಹೋದರು, ಸಭೆ ಸರಿಯಾಗಿ ನಡೆದಿಲ್ಲ, ಮತ್ತೊಮ್ಮೆ ಕರೆಯಬೇಕು ಎಂದು. ಅಲ್ಲಿನ ಗುಮಾಸ್ತ ಯೂಸುಫನೂ ಅವರ ಕೈಯಲ್ಲಿ ಕಲಿತವನೇ. ಕುರ್ಚಿ ಹಾಕಿ ಕೂರಿಸಿ, ಹಳೆಯ ಠರಾವಿನ ನಕಲು ತೆಗೆದು ತೋರಿಸಿದ. "ಸರ್ವಾನುಮತದಿಂದ ಅಂತ ಐತ್ರಿ ಸರ. ಒಬ್ಬರರ ಬ್ಯಾಡ ಅಂದಿದ್ರ ಏನರ ಮಾಡಬಹುದಿತ್ರಿ," ಎಂದ. ಮಾಸ್ತರರು ಅರ್ಜಿಯನ್ನು ಮಡಿಚಿ ಜೇಬಿಗಿಟ್ಟುಕೊಂಡು ಹೊರಗೆ ಬಂದರು.

ಅಂದಿನಿಂದ ಸಭೆಗಳ ಕರೆ ಬಂದರೆ ಮೈಯಲ್ಲಿ ಹುಷಾರಿಲ್ಲ ಎನ್ನತೊಡಗಿದರು. ಮಕ್ಕಳಿಗೆ ಭಾಷಣ ಹೇಳಿಕೊಡುವುದನ್ನೂ ಬಿಟ್ಟರು. ಹೋದ ಕುರಿ ಬರುವುದಿಲ್ಲ, ಬೇಲಿ ಕೀಳುವುದು ಆಗದ ಮಾತು. ಅವರಿಗೆ ಇನ್ನು ಉಳಿದ ಆಸೆ ಒಂದೇ. ದ್ಯಾಮಣ್ಣನ ಎದುರು ನಿಂತು ತಪ್ಪಾಯಿತು ಎನ್ನಬೇಕು, ಆ ಮಾತನ್ನು ಅವನು ನಂಬಬೇಕು. ಅಷ್ಟಾದರೆ ಸಾಕು ಎಂದುಕೊಂಡು, ಹೇಳಲು ಎದೆಗಾರಿಕೆ ಸಾಲದೆ ಮೂರು ತಿಂಗಳು ದೂಡಿದರು.

ಕಡೆಗೊಂದು ಮಧ್ಯಾಹ್ನ ನಡೆದೇ ಹೋದರು. ದ್ಯಾಮಣ್ಣ ಖಾಕಿ ಅಂಗಿ ತೊಟ್ಟು ಗೇಟಿನ ಪಕ್ಕದ ತಗಡಿನ ನೆರಳಲ್ಲಿದ್ದ. ಎದ್ದು, ಇದ್ದ ಒಂದೇ ಕುರ್ಚಿಯನ್ನು ಮಾಸ್ತರರಿಗೆ ಕೊಟ್ಟು ತಾನು ಕಲ್ಲಿನ ಮೇಲೆ ಕೂತ. ಬೇಲಿಯಾಚೆ ನೀಲಿ ಗಾಜಿನ ಸಾಲುಗಳು ಗುಡ್ಡದ ತನಕ ಹೋಗಿದ್ದವು.

"ಇಷ್ಟು ಬಿಸಲಾಗ ಬಂದೀರಿ. ನೀರು ಕುಡೀರಿ," ಎಂದ.

ನೀರು ಕುಡಿದು ಮಾಸ್ತರರು ಹೇಳಿದರು. "ದ್ಯಾಮಣ್ಣ, ನಾ ತಪ್ಪು ಮಾಡೀನಿ. ಅವತ್ತ ನಿನ್ನ ಪ್ರಶ್ನಿಗೆ ನನ್ನ ಕಡೆ ಉತ್ತರ ಇರಲಿಲ್ಲ. ಇಲ್ಲ ಅಂತ ಹೇಳಾಕ ನಾಚಿಕಿ ಆತು. ಅದಕ್ಕ ಭಂಡಾರ ತಗೊಂಡೆ."

ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಇಷ್ಟೇ ಅವರು ಹೇಳಬೇಕೆಂದು ಬಂದದ್ದು, ದ್ಯಾಮಣ್ಣನೂ ತಲೆಯೆತ್ತಿ ಕೇಳುತ್ತಿದ್ದ. ಆದರೆ ನಲವತ್ತು ವರ್ಷದ ಅಭ್ಯಾಸ, ಬಾಯಿ ತಾನಾಗಿ ಮುಂದುವರಿಯಿತು. ದನಿ ತಗ್ಗಿತು. "ನಾ ಏನ ಕಳಕೊಂಡೆ? ಏನೂ ಇಲ್ಲ. ಗೀತಾ ಏನ ಕಳಕೊಂಡ್ಲು? ಏನೂ ಇಲ್ಲ. ಊರು ಏನ ಕಳಕೊಂತು? ಏನೂ ಇಲ್ಲ. ಕಳಕೊಂಡಾಂವ ಯಾರು ದ್ಯಾಮಣ್ಣ?" ಎಂದು, ಉತ್ತರಕ್ಕೆ ಕಾಯುವವರ ಹಾಗೆ ತುಸು ತಡೆದರು. ಕಣ್ಣಲ್ಲಿ ನೀರಿತ್ತು, ಅದು ಸುಳ್ಳು ನೀರಲ್ಲ. ಯಾವಾಗ ಕುರ್ಚಿ ಬಿಟ್ಟು ಎದ್ದರೋ ಅವರಿಗೇ ತಿಳಿಯದು. ಬಲಗೈ ಹೆಗಲ ಮಟ್ಟಕ್ಕೆ ಎದ್ದು ಗಾಳಿಯಲ್ಲಿ ನಿಂತಿತ್ತು.

ದ್ಯಾಮಣ್ಣ ಆ ಕೈಯನ್ನು ನೋಡಿದ.

"ಮಾಸ್ತರ್ರ, ಕೈ ಇಳಸ್ರಿ. ಇಲ್ಲಿ ನಾ ಒಬ್ಬನ ಅದೀನಿ."

ಮಾಸ್ತರರು ಕೈ ಇಳಿಸಿದರು. ಆ ಕೈಯನ್ನು ಎಲ್ಲಿಡಬೇಕೆಂದು ಅವರಿಗೆ ತೋಚಲಿಲ್ಲ. "ನಾ ಖರೇನ ಹೇಳಾಕತ್ತೀನೋ ದ್ಯಾಮಣ್ಣ," ಎಂದರು.

"ಇರಬೇಕ್ರಿ," ಎಂದ ದ್ಯಾಮಣ್ಣ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. "ಅವತ್ತೂ ಖರೇನ ಅನಿಸಿತ್ತು."

ಒಳಗಿನಿಂದ ಕಂಪನಿಯ ಜೀಪು ಬರುತ್ತಿತ್ತು. ಅವನು ಎದ್ದು ಗೇಟು ತೆಗೆಯಲು ಹೋದ, ಮಾಸ್ತರರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.